ಆಟಿ ಮುಗಿಸಿ ದುಬೈಗೆ ಹೊರಟ ತಂಗಿಗೆ

ತಂಗೀ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ನೀನು ಅಂತಲೇ ಬರೆಯುತ್ತೇನೆ, ನನ್ನ ದೊಡ್ಡ ಮಗಳಿಗಿಂತ ನೀನು ಸ್ವಲ್ಪವೇ ದೊಡ್ಡವಳು. "ಅಕ್ಕ, ಮದುವೆಯಾಗಿ ದುಬೈಗೆ ಹೋದವಳಿಗೆ ಎರಡೇ ತಿಂಗಳಿಗೆ ಸಾಕಾಯ್ತು. ಆಟಿ ತಿಂಗಳು ಅಂತ ಅಮ್ಮನ ಮನೆಗೆ ಬಂದಿದ್ದೇನೆ, ವಾಪಸ್ ಹೋಗಲು ಮನಸ್ಸೇ ಇಲ್ಲ. ಅಲ್ಲಿ ದೇವರಿಲ್ಲ, ಹಬ್ಬ ಇಲ್ಲ, ನೆರೆಕರೆ ಇಲ್ಲ. ಇವರು ಕೆಲಸಕ್ಕೆ ಹೋದ ಮೇಲೆ ನಾನು ಮತ್ತು ಎಸಿಯ ಸದ್ದು. ನೀವು ಇಷ್ಟು ವರ್ಷ ಹೇಗಿದ್ದೀರಿ?" ಅಂತ ಕೇಳಿದ್ದೀ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಮಳೆಗೆ ಕಟಪಾಡಿಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ನಿಧಾನಕ್ಕೆ ಬರೆದಿಡುತ್ತಿದ್ದೇನೆ, ಸಿಗ್ನಲ್ ಬಂದಾಗ ನಿನಗೆ ಮುಟ್ಟುತ್ತದೆ. ನಾನೂ ರಜೆಯಲ್ಲಿ ಬಂದವಳೇ. ಅಲ್ಲಿನ ಶಾಲೆಗಳಿಗೆ ರಜೆ ಜುಲೈ, ಆಗಸ್ಟ್‌ನಲ್ಲಿ. ಹಾಗಾಗಿ ನಮ್ಮ ಪಾಲಿನ ಊರು ಅಂದರೆ ಮಳೆ, ಆಟಿ, ಪತ್ರೊಡೆ. ಚೌತಿ, ತೆನೆ, ದೀಪಾವಳಿ ಎಲ್ಲ ನಾವು ವಿಮಾನ ಹತ್ತಿದ ಮೇಲೆ. ಮೀನಿನ ಕಥೆಯೂ ಅದೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತುಬಿಟ್ಟಿವೆ. ದುಬೈಯಲ್ಲಿ ಒಮಾನಿನ ತಾಜಾ ಬಂಗುಡೆ ತಿನ್ನುವವಳು ಊರಿಗೆ ಬಂದು ಒಣಮೀನಿನ ಚಟ್ನಿ ತಿನ್ನುತ್ತಿದ್ದೇನೆ. ದೂರು ಹೇಳುತ್ತಿಲ್ಲ, ಚಟ್ನಿ ಚೆನ್ನಾಗಿದೆ.

ಮೊದಲನೇ ವರ್ಷ ಕಷ್ಟವೇ. "ಎಲ್ಲ ಸರಿಯಾಗುತ್ತೆ" ಅಂತ ಹೇಳಿ ನಿನ್ನ ಬಾಯಿ ಮುಚ್ಚಿಸುವುದಿಲ್ಲ. ಅಳು ಬಂದರೆ ಅಳು. ಆದರೆ ದೇವರಿಲ್ಲ, ನೆರೆಕರೆ ಇಲ್ಲ ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ದೇವಸ್ಥಾನದ ಮಾತು ಬೇಗ ಮುಗಿಸುತ್ತೇನೆ. ನಾನು ಹೋದ ಕಾಲಕ್ಕೆ ಇದ್ದದ್ದು ಬರ್ ದುಬೈಯ ಗಲ್ಲಿಯಲ್ಲಿ, ದೊಡ್ಡ ಮಸೀದಿಯ ಹತ್ತಿರದ ಹಳೇ ದೇವಸ್ಥಾನ. ಮೆಟ್ಟಿಲು ಹತ್ತಿ ಹೋಗಬೇಕು, ಹಬ್ಬದ ದಿನ ಕಾಲಿಡಲು ಜಾಗ ಇರುತ್ತಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಜೆಬೆಲ್ ಅಲಿಯಲ್ಲಿ ಹೊಸ ದೇವಸ್ಥಾನ ಆಯಿತು, ಗುರುದ್ವಾರ, ಚರ್ಚುಗಳ ಪಕ್ಕದಲ್ಲೇ. 2024ರ ಫೆಬ್ರವರಿಯಲ್ಲಿ ಅಬುಧಾಬಿಯ ಕಲ್ಲಿನ ಮಂದಿರವೂ ತೆರೆಯಿತು. ದೂರ ಅಂತ ನಿನ್ನ ತಕರಾರು ಇರಬಹುದು. ನಮ್ಮ ಉಡುಪಿಯಲ್ಲೇ ಕೃಷ್ಣನನ್ನು ನೋಡುವುದು ಒಂಬತ್ತು ತೂತಿನ ಕಿಂಡಿಯಲ್ಲಿ, ಅದಕ್ಕೂ ಸಾಲು ನಿಲ್ಲಬೇಕು. ಅದನ್ನು ನಾವು ಯಾವತ್ತೂ ಕೊರತೆ ಅಂತ ಹೇಳಿದವರಲ್ಲ, ಅಲ್ವಾ?

ನಾನು ಹೇಳಬೇಕೆಂದಿರುವುದು ನನ್ನ ಅತ್ತೆಯ ವಿಷಯ. ಅತ್ತೆಗೆ ಮಂತ್ರ ಗಿಂತ್ರ ಹೆಚ್ಚು ಬರುವುದಿಲ್ಲ. ಸಂಜೆ ದೀಪ ಹಚ್ಚಿ, ಕೈಮುಗಿದು ದೇವರ ಹತ್ತಿರ ಮಾತಾಡುತ್ತಾರೆ. ಕೇಳುವುದು ಕಡಿಮೆ, ವರದಿ ಒಪ್ಪಿಸುವುದು ಜಾಸ್ತಿ. "ಇವತ್ತು ಮೀನಿನವಳು ಒಂದು ಬಂಗುಡೆ ಸುಮ್ನೆ ಹಾಕಿದಳು ದೇವರೇ, ಅವಳ ಮಂಡಿನೋವು ಕಡಿಮೆ ಮಾಡು." "ಬಸ್ಸಿನ ಕಂಡಕ್ಟರ್ ನಾನು ಸರಿಯಾಗಿ ಹತ್ತುವವರೆಗೆ ಸೀಟಿ ಊದಲಿಲ್ಲ, ಅವನ ಹೆಸರು ಗೊತ್ತಿಲ್ಲ, ನಿನಗೆ ಗೊತ್ತುಂಟಲ್ಲ." ಆಟಿ ಅಮಾವಾಸ್ಯೆಯ ದಿನವಂತೂ ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದವರದೇ ಸರದಿ. ನಮ್ಮ ಸಾಲಿನಲ್ಲಿ ಒಬ್ಬರೇ ಕತ್ತಲಲ್ಲಿ ಎದ್ದು, ಮಳೆಯಲ್ಲಿ ಗುಡ್ಡೆಗೆ ಹೋಗಿ, ಕಬ್ಬಿಣ ಮುಟ್ಟಿಸದೆ ಕಲ್ಲಿನಲ್ಲೇ ಜಜ್ಜಿ ಕೆತ್ತೆ ತೆಗೆದು ತರುತ್ತಾರೆ. ಎಲ್ಲ ಮನೆಗೂ ಹಂಚುತ್ತಾರೆ. ನಾವು ಆ ಕಹಿ ಕಷಾಯ ಕುಡಿದು ಮುಖ ಕಿವಿಚಿಕೊಂಡು, ಮೆಂತೆ ಗಂಜಿ ತಿಂದು ಮಲಗುತ್ತೇವೆ. ಅತ್ತೆ ಮಾತ್ರ ಸಂಜೆ ಅವರ ಹೆಸರು ಹೇಳುತ್ತಾರೆ, ಅವರ ದನದ ಹೆಸರನ್ನೂ ಸೇರಿಸಿ.

ಮದುವೆಯಾದ ಹೊಸತರಲ್ಲಿ ನನಗೆ ಇದು ತಮಾಷೆ. ದುಬೈಗೆ ಹೋಗಿ, ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಡುಗೆಮನೆಯ ಕಪಾಟಿನಲ್ಲೇ ದೇವರನ್ನು ಇಟ್ಟುಕೊಂಡಾಗ, ದೀಪ ಹಚ್ಚಿ ಏನು ಹೇಳುವುದು ಅಂತ ಗೊತ್ತಾಗಲಿಲ್ಲ. ದಿನಾ ಬೇಡಿ ಬೇಡಿ ನನಗೇ ಬೇಜಾರು ಬಂದಿತ್ತು. ಆಗ ಅತ್ತೆಯ ವರದಿ ನೆನಪಾಯಿತು. ಸರಿ, ಇವತ್ತು ಯಾರು ಏನು ಮಾಡಿದರು ಅಂತ ಶುರು ಮಾಡಿದೆ. ಶುರುವಿಗೆ ಹೇಳಲು ಯಾರೂ ಇರಲಿಲ್ಲ. ಆಮೇಲೆ ಒಬ್ಬೊಬ್ಬರೇ ಕಣ್ಣಿಗೆ ಬೀಳಲು ಶುರುವಾದರು.

ಕೆಳಗಿನ ಗ್ರೋಸರಿಯ ಮಲಯಾಳಿ ಹುಡುಗ ಕಣ್ಣಿಗೆ ಬಿದ್ದ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಮೇಲೆ ಹತ್ತಿ ಬರುತ್ತಾನೆ, ಲೆಕ್ಕ ತಿಂಗಳ ಕೊನೆಗೆ. ಮಗುವಿಗೆ ಜ್ವರ ಬಂದ ರಾತ್ರಿ ಅಂಗಡಿ ಮುಚ್ಚಿದ ಮೇಲೂ ಹಾಲು ತಂದುಕೊಟ್ಟಿದ್ದ. ಆಮೇಲೆ ದಾರಿಯಲ್ಲಿನ ನೀರಿನ ಯಂತ್ರಗಳು. ನೀನೂ ನೋಡಿರಬೇಕು, ಮಸೀದಿಗಳ ಹೊರಗೆ, ಕೆಲವು ವಿಲ್ಲಾಗಳ ಗೋಡೆಗೆ ಕೂಲರ್ ಇಟ್ಟು ಲೋಟ ಇಟ್ಟಿರುತ್ತಾರೆ. ತೀರಿಕೊಂಡವರ ಹೆಸರಿನಲ್ಲಿ ಇಡುವುದು ಜಾಸ್ತಿ. ನಮ್ಮಲ್ಲಿ ಜಾತ್ರೆಯ ಸಮಯದಲ್ಲಿ ಅರವಟ್ಟಿಗೆ ಇಡುವುದಿಲ್ಲವಾ, ಅದೇ. ಅಲ್ಲಿ ಅದು ವರ್ಷವಿಡೀ ಇರುತ್ತದೆ. ಡೆಲಿವರಿ ಹುಡುಗರು ಬೈಕ್ ನಿಲ್ಲಿಸಿ ಕುಡಿದು ಹೋಗುತ್ತಾರೆ. ನೀನು ಯಾರು, ಯಾವ ಜಾತಿ ಅಂತ ಕೇಳುವವರಿಲ್ಲ.

ರಂಜಾನ್ ತಿಂಗಳು ನೀನಿನ್ನೂ ಅಲ್ಲಿ ಕಂಡಿಲ್ಲ. ಉಪವಾಸ ಇರುವವರಿಗೂ ಇಲ್ಲದವರಿಗೂ ಕೆಲಸದ ಹೊತ್ತು ದಿನಕ್ಕೆ ಎರಡು ಗಂಟೆ ಕಡಿಮೆ. ಸಂಜೆ ಹೊತ್ತು ಮುಳುಗುವ ಸಮಯಕ್ಕೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ, ಸಿಗ್ನಲ್‌ನಲ್ಲಿ ಹುಡುಗ ಹುಡುಗಿಯರು ಓಡಿ ಬಂದು ಕಿಟಕಿಯೊಳಗೆ ಖರ್ಜೂರ, ನೀರಿನ ಪೊಟ್ಟಣ ಕೊಡುತ್ತಾರೆ. ನಮ್ಮ ಕಾರಿನ ಕನ್ನಡಿಗೆ ತೂಗುಹಾಕಿದ ಗಣಪತಿಯನ್ನು ನೋಡಿಯೂ ಕೊಡುತ್ತಾರೆ. ಉಳ್ಳಾಲದ ಬ್ಯಾರಿ ಮುಸ್ಲಿಂ ಕುಟುಂಬವೊಂದು ನಮ್ಮ ಮೇಲಿನ ಮಹಡಿಯಲ್ಲಿದೆ. ಆ ತಿಂಗಳಿಡೀ ನಮ್ಮ ಅಡುಗೆಮನೆಗೆ ಅರ್ಧ ರಜೆ.

ಇನ್ನು ಆಟಿ ಕಳೆದು ಬರುವ ಸೋಣ ತಿಂಗಳ ಹೊಸ್ತಿಲು ಪೂಜೆ. ನೀನು ಈ ಸಲ ಸಂಕ್ರಮಣ ಮುಗಿಸಿಯೇ ಹೊರಡುವವಳು, ಹಾಗಾಗಿ ಹೇಳುತ್ತೇನೆ. ಫ್ಲ್ಯಾಟಿಗೆ ಎಲ್ಲಿಯ ಹೊಸ್ತಿಲು? ಬಾಗಿಲಿನ ಕೆಳಗೆ ಒಂದು ಗೇಣಿಗಿಂತ ಸಪುರದ ಕಲ್ಲಿನ ಪಟ್ಟಿ. ಅದಕ್ಕೇ ಸೇಡಿಯ ಬಿಳಿ ಮಣ್ಣಿನಿಂದ ಗೆರೆ ಎಳೆದು, ಸಿಕ್ಕಿದ ಹೂವಿಟ್ಟು ಪೂಜೆ ಮಾಡುತ್ತಿದ್ದೆ. ಹೊರಗಿನ ಕಾರಿಡಾರ್ ಒರೆಸುವವನು ಬಾಂಗ್ಲಾದೇಶದ ಹುಡುಗ. ಮೊದಲ ದಿನ ಎಲ್ಲ ಒರೆಸಿಕೊಂಡು ಹೋಗಿದ್ದ. ಅವನ ಕೆಲಸ ಅದು, ತಪ್ಪೇನಿಲ್ಲ. ಮಾರನೇ ದಿನ ನಾನು ಬಗ್ಗಿ ಬರೆಯುವುದನ್ನು ನೋಡುತ್ತಾ ನಿಂತಿದ್ದ. ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತಿನಿಂದ ನಮ್ಮ ಬಾಗಿಲ ಹತ್ತಿರ ಬಂದಾಗ ಒದ್ದೆ ಕೋಲು ಬಿಟ್ಟು, ಬಟ್ಟೆಯ ತುಂಡು ಹಿಡಿದು ಕುಕ್ಕರುಗಾಲಲ್ಲಿ ಕೂತು ಗೆರೆಯ ಅಂಚಿನವರೆಗೆ ಮಾತ್ರ ಒರೆಸುತ್ತಿದ್ದ. ಆ ಮಹಡಿಯಲ್ಲಿ ಎಷ್ಟು ಬಾಗಿಲುಗಳಿವೆ ಅಂತ ನಿನಗೆ ಗೊತ್ತಲ್ಲ. ಎಲ್ಲ ಮುಗಿಸಿ ಅವನು ಇನ್ನೊಂದು ಮಹಡಿಗೆ ಹೋಗಬೇಕು. ಸೂಪರ್‌ವೈಸರ್ ನೋಡಿದರೆ ಬೈಗುಳ ಬೇರೆ.

ಕಟಪಾಡಿಯಲ್ಲಿ ನನ್ನ ಹೊಸ್ತಿಲನ್ನು ಯಾರೂ ತುಳಿಯುವುದಿಲ್ಲ, ಎಲ್ಲರಿಗೂ ಅದೇನು ಅಂತ ಗೊತ್ತು. ಗೊತ್ತಿಲ್ಲದವನೊಬ್ಬ, ಸುಸ್ತಾದವನೊಬ್ಬ, ಅದನ್ನು ಉಳಿಸಿಕೊಟ್ಟ. ಆ ಸಂಜೆ ನನ್ನ ವರದಿ ಉದ್ದವಾಗಿತ್ತು.

ತೆನೆಯ ಕಥೆಯೂ ಕೇಳು. ನಮ್ಮ ಮಹಡಿಯಲ್ಲೇ ಶಿರ್ವದ ಕಡೆಯ ಕ್ರಿಶ್ಚಿಯನ್ ಅಕ್ಕ ಒಬ್ಬರಿದ್ದಾರೆ. ಸೆಪ್ಟೆಂಬರ್ 8ಕ್ಕೆ ಅವರಿಗೆ ಮೊಂತಿ ಫೆಸ್ತ್. ಊರಿನ ಚರ್ಚಿನಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ, ಮನೆಯಲ್ಲಿ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಮಂದಿಯೆಲ್ಲ ತೆಗೆದುಕೊಳ್ಳುತ್ತಾರೆ. ಹೊರದೇಶದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆ. ಅವರ ಅಮ್ಮ ಕಳಿಸಿದ ಕಾಳಿನಲ್ಲಿ ಒಂದು ಚಿಟಿಕೆ ತಂದು ನನ್ನ ಕೈಗೆ ಹಾಕಿ, "ನಿಮ್ಮಲ್ಲೂ ಹೊಸಕ್ಕಿ ಊಟ ಉಂಟಲ್ಲ, ನಿಮಗೆ ಯಾರು ಕಳಿಸುತ್ತಾರೆ?" ಅಂದರು. ನಮ್ಮಲ್ಲಿ ತೆನೆಯನ್ನು ಮಾವಿನ ಎಲೆ, ಹಲಸಿನ ಎಲೆಯ ಜೊತೆ ಸೇರಿಸಿ ಬಾಗಿಲಿಗೆ, ಕಂಬಕ್ಕೆ, ಬಾವಿಗೆ ಕಟ್ಟುತ್ತಾರೆ, ಅದನ್ನು ಅಂಚೆಯಲ್ಲಿ ಕಳಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಆ ಕಾಳನ್ನೇ ನಮ್ಮ ಪಾಯಸಕ್ಕೆ ಹಾಕಿದೆ. ಅತ್ತೆ ಏನಂದಾರೋ ಅಂತ ಅಳುಕಿಕೊಂಡೇ ಫೋನಿನಲ್ಲಿ ಹೇಳಿದೆ. "ತೆನೆ ಸಿಕ್ಕಿತಲ್ಲ, ಮತ್ತೆಂತ?" ಅಂದರು. ಆಮೇಲೆ ಶಿರ್ವದ ಅಕ್ಕನ ಹೆಸರು, ಅವರ ಮಗನ ಪರೀಕ್ಷೆಯ ವಿಷಯ ಎಲ್ಲ ಕಟಪಾಡಿಯ ದೀಪದ ಮುಂದೆ ದಿನಾ ಹೋಗತೊಡಗಿತು. ಹುಡುಗ ಪಾಸಾದ. ಅತ್ತೆಗೆ ಅದರಲ್ಲಿ ಪಾಲು ಬೇಕಂತೆ.

ಮನೆಯೊಳಗಿನದನ್ನೂ ನೋಡು. ಹೊರಗಿನವರ ಉಪಕಾರ ಬೇಗ ಕಾಣುತ್ತದೆ, ಮನೆಯವರದು ಕಾಣಲು ತಡ. ನಮ್ಮ ಯಜಮಾನರು ಮಾತು ಕಡಿಮೆಯ ಮನುಷ್ಯ. ಆದರೆ ಜುಲೈ ಬಿಸಿಲಿನಲ್ಲಿ ಎಲ್ಲಿಗೆ ಹೊರಟರೂ ನನಗಿಂತ ಮೊದಲು ಕೆಳಗಿಳಿದು, ಕಾರಿನ ಎಸಿ ಹಾಕಿ, ತಾವು ಹೊರಗೆ ಬೆವರುತ್ತಾ ನಿಂತಿರುತ್ತಾರೆ. ಬಾಯಿಬಿಟ್ಟು ಒಂದು ದಿನವೂ ಹೇಳಿದವರಲ್ಲ. ನಿನ್ನ ಗಂಡನೂ ಏನಾದರೂ ಮಾಡುತ್ತಿರುತ್ತಾನೆ, ಕಣ್ಣಿಡು. ಅವನಿಗೂ ಆ ಊರು ಹೊಸತೇ, ಅವನ ಆಫೀಸಿನಲ್ಲಿ ಅವನನ್ನು ಕೇಳುವವರು ಯಾರಿದ್ದಾರೆ?

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಎಲ್ಲವನ್ನೂ ದೇವರ ಪ್ರಸಾದ ಅಂತ ಕಣ್ಣಿಗೊತ್ತಿಕೊಳ್ಳಬೇಡ. ನಮ್ಮ ಸಂಬಂಧಿಕ ಹುಡುಗನೊಬ್ಬನಿಗೆ ಕಂಪನಿಯವರು ತಿಂಗಳುಗಟ್ಟಲೆ ಸಂಬಳ ಕೊಡದೆ, ಪಾಸ್‌ಪೋರ್ಟನ್ನೂ ಇಟ್ಟುಕೊಂಡಿದ್ದರು. ಊರಿನ ಹಿರಿಯರು "ದೇವರು ಪರೀಕ್ಷೆ ಮಾಡುತ್ತಾನೆ, ತಾಳಿಕೋ" ಅಂದರು. ನನಗೆ ಸಿಟ್ಟು ಬಂತು. ಪಾಸ್‌ಪೋರ್ಟ್ ಹಿಡಿದಿಡುವುದು ಅಲ್ಲಿನ ಕಾನೂನಿಗೂ ವಿರುದ್ಧ. ದುಬೈಯ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇರುವುದೇ ಇಂಥದ್ದಕ್ಕೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತಲೂ ನಿಯಮ ಇದೆ. ಅದು ಹಕ್ಕು, ಯಜಮಾನನ ದೊಡ್ಡ ಮನಸ್ಸಲ್ಲ. ದೇವರಿಗೆ ಕೈಮುಗಿ, ದೂರನ್ನೂ ಕೊಡು.

ಇನ್ನೊಂದು, ಕಷ್ಟದಲ್ಲಿದ್ದವರಿಗೆ ಅಂತ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದುಡ್ಡು ಸೇರಿಸಲು ಹೋಗಬೇಡ. ಊರಿನಲ್ಲಿ ಅದು ಒಳ್ಳೇ ಕೆಲಸ, ಅಲ್ಲಿ ಪರವಾನಗಿ ಇಲ್ಲದೆ ಚಂದಾ ಎತ್ತುವುದು ಅಪರಾಧ. ಅನುಮತಿ ಇರುವ ಸಂಸ್ಥೆಗಳ ಮೂಲಕವೇ ಕೊಡಬೇಕು. ಗೊತ್ತಿದ್ದವರಿಗೆ ನಿನ್ನ ಮನೆಯಿಂದಲೇ ಅನ್ನ, ಬಟ್ಟೆ ಕೊಟ್ಟು ಕೈಯಾರೆ ಸಹಾಯ ಮಾಡುವುದು ಬೇರೆ ಮಾತು.

ನೆರೆಕರೆ ಬೇಕಾದರೆ ನೀನೇ ಮೊದಲು ಬಾಗಿಲು ತಟ್ಟು. ಅಲ್ಲಿ ಎಲ್ಲರೂ ಯಾರಾದರೂ ತಟ್ಟಲಿ ಅಂತ ಕಾಯುತ್ತಾ ಒಳಗೆ ಕೂತಿರುತ್ತಾರೆ. ಒಂದು ತಟ್ಟೆ ನೀರುದೋಸೆ ತೆಗೆದುಕೊಂಡು ಹೋಗು. ಪತ್ರೊಡೆ ಮಾತ್ರ ಮೊದಲನೇ ಸಲಕ್ಕೆ ಬೇಡ, ಕೆಸುವಿನ ಎಲೆ ಗಂಟಲು ತುರಿಸಿದರೆ ಸ್ನೇಹ ಅಲ್ಲಿಗೇ ಮುಗಿಯುತ್ತದೆ. ಮುಂದೆ ಮಕ್ಕಳಾದಾಗ ಭಾಷೆಯ ಚಿಂತೆ ಬರುತ್ತದೆ, ಅದಕ್ಕೂ ದುಬೈಯಲ್ಲಿ ರಜಾದಿನ ಪುಕ್ಕಟೆ ನಡೆಯುವ ಕನ್ನಡ ಪಾಠಶಾಲೆ ಇದೆ. ಕಲಿಸುವವರೆಲ್ಲ ನಿನ್ನ ನನ್ನಂಥ ಮನೆಗಳವರೇ.

ಹೊರಡುವ ಮೊದಲು ಎರಡು ಕೆಲಸ. ಅಮ್ಮನ ಫೋನಿಗೆ ಬೋಟಿಮ್ ಆ್ಯಪ್ ಹಾಕಿಸಿ, ಕರೆ ಎತ್ತುವುದನ್ನು ಕೂತು ಕಲಿಸು. ಅಲ್ಲಿಂದ ವಾಟ್ಸ್‌ಆ್ಯಪ್ ಕರೆ ನಡೆಯುವುದಿಲ್ಲ ಅಂತ ಅವರಿಗೆ ಇನ್ನೂ ತಲೆಗೆ ಹೋದ ಹಾಗಿಲ್ಲ, ಮಗಳು ಫೋನ್ ಎತ್ತುವುದಿಲ್ಲ ಅಂತ ನನ್ನ ಹತ್ತಿರ ಹೇಳಿದರು. ನೀನು ಅಲ್ಲಿ ಆರೂವರೆಗೆ ದೀಪ ಹಚ್ಚುವಾಗ ಇಲ್ಲಿ ಎಂಟು, ಧಾರಾವಾಹಿ ಶುರುವಾಗುವ ಮೊದಲೇ ಮಾತಾಡಿ ಮುಗಿಸು. ಎರಡನೆಯದು, ಬ್ಯಾಗಿಗೆ ಅಮ್ಮ ಏನೇನು ತುಂಬುತ್ತಾರೆ ನೋಡಿಕೋ. ಹಪ್ಪಳ, ಪುನರ್ಪುಳಿ, ಮಿಡಿ ಉಪ್ಪಿನಕಾಯಿ ಎಷ್ಟಾದರೂ ಇರಲಿ. ಗಸಗಸೆ ಒಂದು ಕಾಳೂ ಇರಬಾರದು, ಅಲ್ಲಿ ಅದಕ್ಕೆ ನಿಷೇಧ. ಬೇರೆಯವರು ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ಇಟ್ಟುಕೊಳ್ಳಬೇಡ. ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗಿರಲಿ.

ನಾವು ನಿನಗಿಂತ ಸ್ವಲ್ಪ ಮೊದಲು ಬಜಪೆ ವಿಮಾನ ನಿಲ್ದಾಣದಿಂದ ಹೊರಡುತ್ತೇವೆ. ನೀನು ಬಂದ ವಾರವೇ ಶನಿವಾರ ಮಧ್ಯಾಹ್ನ ಇಬ್ಬರೂ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ನಿನ್ನ ಗಂಡ ಮೀನು ತಿನ್ನುತ್ತಾನಾ ಇಲ್ವಾ ಅಂತ ಮೊದಲೇ ತಿಳಿಸು.