ಪಾಸ್‌ವರ್ಡ್ ಮರೆತರೆ ಮರೆಯಲಿ ಬಿಡಿ, ನಂಬರ್ ನೋಡಿಕೊಳ್ಳಿ

45ಕ್ಕೇ ಮರೆವು ಶುರುವಾಗಿದೆ, ಒಂದು ಪಾಸ್‌ವರ್ಡೂ ತಲೆಯಲ್ಲಿ ನಿಲ್ಲುತ್ತಿಲ್ಲ, ಏನು ಅಭ್ಯಾಸ ಮಾಡಲಿ, ಬ್ರಾಹ್ಮಿ ಮಾತ್ರೆ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ನಮ್ಮ ಡಾಕ್ಟರನ್ನು ಕೇಳಿದ್ದೆ. "ಮನೆ ದಾರಿ ಮರೀತೀರಾ? ಮಕ್ಕಳ ಹೆಸರು ಮರೀತೀರಾ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಎದ್ದು ಮನೆಗೆ ಹೋಗಿ" ಎಂದರು. ನಿಮಗೂ ಅದೇ ಮಾತು. ಒಂದೆಲಗದ ತಂಬುಳಿ ರುಚಿಗೆ ಉಣ್ಣಿ, ಪಾಸ್‌ವರ್ಡಿಗಾಗಿ ಬೇಡ.

ಹುಬ್ಬಳ್ಳಿಯ ಕೆಲಸ ಬಿಟ್ಟು ಬೆಂಗಳೂರಿಗೆ ಬಂದಾಗ ಹೊಸ ಸಿಮ್ ತಗೊಂಡೆ. ಹಳೆಯದು ಎರಡನೇ ಸ್ಲಾಟ್‌ನಲ್ಲಿ ಸುಮ್ನೆ ಕೂತಿತ್ತು. ಬರೀ ಇನ್‌ಕಮಿಂಗ್ ಉಳಿಸಿಕೊಳ್ಳೋಕೂ ರೀಚಾರ್ಜ್ ಮಾಡಬೇಕು. ಯಾಕೆ ದಂಡ ಅಂತ ನಿಲ್ಲಿಸಿಬಿಟ್ಟೆ. ಬ್ಯಾಲೆನ್ಸೂ ಇಲ್ಲದೆ 90 ದಿನ ಬಳಸದೆ ಬಿಟ್ಟ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು, ಆಮೇಲೆ ಬೇರೆಯವರಿಗೂ ಕೊಡಬಹುದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ, ಯಾಕಂದ್ರೆ ಹೊಸ ನಂಬರನ್ನು ಎಲ್ಲರಿಗೂ ಕೊಟ್ಟಾಗಿತ್ತು.

ಎಡವಟ್ಟಾದದ್ದು ಆ "ಎಲ್ಲರಿಗೂ" ಅನ್ನುವಲ್ಲಿ. ನಾನು ಕೊಟ್ಟದ್ದು ಮನುಷ್ಯರಿಗೆ. ಅಕ್ಕ, ಭಾವ, ಆಫೀಸಿನವರು, ಹಾಲಿನವನು, ಮಗಳ ಕಾಲೇಜು. ಆಧಾರ್‌ಗೆ ಕೊಡಲಿಲ್ಲ. ಬ್ಯಾಂಕಿಗೆ ಕೊಡಲಿಲ್ಲ. ಪಿಎಫ್ ಖಾತೆಗೆ ಕೊಡಲಿಲ್ಲ. ಇಮೇಲ್ ಖಾತೆ ತೆರೆಯುವಾಗ ಎಂದೋ ಒಂದು ನಂಬರ್ ಕೇಳಿರುತ್ತಾರಲ್ಲ, ಅಲ್ಲಂತೂ ಬದಲಿಸಬೇಕು ಅನ್ನುವುದೇ ಹೊಳೆಯಲಿಲ್ಲ. ಗ್ಯಾಸ್ ಬುಕಿಂಗ್ ನನ್ನ ಹೆಸರಲ್ಲಿ ಇದ್ದಿದ್ದರೆ ಮುಂದಿನ ತಿಂಗಳೇ ಗೊತ್ತಾಗುತ್ತಿತ್ತು. ಅದು ಹೆಂಡತಿಯ ನಂಬರಿನಲ್ಲಿತ್ತು. ಹಾಗಾಗಿ ವರ್ಷಗಟ್ಟಲೆ ಎಲ್ಲ ಸರಿಯಾಗೇ ಇದೆ ಅಂದುಕೊಂಡಿದ್ದೆ.

ಮಗಳ ಎಂಜಿನಿಯರಿಂಗ್ ಫೀಸಿಗೆ ಪಿಎಫ್‌ನಿಂದ ಸ್ವಲ್ಪ ತೆಗೆಯೋಣ ಅಂತ ಕೂತಾಗ ಎಲ್ಲ ಒಟ್ಟಿಗೆ ಬಂತು. ಪಾಸ್‌ವರ್ಡ್ ನೆನಪಿಲ್ಲ. ಸರಿ, 'ಮರೆತಿದ್ದೇನೆ' ಒತ್ತಿದೆ. ಓಟಿಪಿ ಹಳೇ ನಂಬರಿಗೆ ಹೋಯಿತು. ಆಧಾರ್ ಮೂಲಕ ಹೋಗೋಣವೆಂದರೆ ಅದರ ಓಟಿಪಿಯೂ ಅಲ್ಲಿಗೇ. ಇಮೇಲ್‌ನಲ್ಲಿ ಹಳೇ ವಿವರ ಇರಬಹುದು ಅಂತ ನೋಡಹೋದರೆ, ಫೋನ್ ಬದಲಿಸಿದ್ದರಿಂದ ಅದೂ ಪಾಸ್‌ವರ್ಡ್ ಕೇಳಿತು. ಮನೆದೇವರ ಹೆಸರು, ಮಗಳು ಹುಟ್ಟಿದ ವರ್ಷ, ಹಿಂದೆ ಮುಂದೆ ಒಂದು ಚಿಹ್ನೆ, ಎಲ್ಲ ಹಾಕಿ ನೋಡಿದೆ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅಂತ ಬಾಗಿಲು ಹಾಕಿಕೊಂಡಿತು. ಕೊನೆಗೆ ನನ್ನದೇ ಹಳೇ ನಂಬರಿಗೆ ಫೋನ್ ಮಾಡಿದೆ. ಯಾರೋ ಹಿಂದಿಯಲ್ಲಿ "ಕೌನ್?" ಎಂದರು. ನಿಮ್ಮ ಮೊಬೈಲಿಗೆ ನನ್ನ ಓಟಿಪಿ ಬರ್ತಿದೆ ಅಂದರೆ ಯಾರು ನಂಬುತ್ತಾರೆ? ಇಟ್ಟುಬಿಟ್ಟರು. ನಾನು ಅವರ ಜಾಗದಲ್ಲಿದ್ದರೂ ಇಡುತ್ತಿದ್ದೆ.

ಫೀಸಿನ ಕೊನೇ ದಿನ ಕಾಯುವುದಿಲ್ಲ ಅಲ್ವಾ. ಹೆಂಡತಿಯ ಬಳೆ ಗಿರವಿ ಇಟ್ಟು ಕಟ್ಟಿದೆವು. ಆಮೇಲೆ ಆಧಾರ್ ಕೇಂದ್ರಕ್ಕೆ ಹೋದೆ. ಅಲ್ಲಿ ಮೊಬೈಲ್ ನಂಬರ್ ಬದಲಿಸಲು ಹಳೇ ಸಿಮ್ ಬೇಕಿಲ್ಲ, ಬೇರೆ ದಾಖಲೆಯೂ ಬೇಕಿಲ್ಲ, ಬೆರಳಚ್ಚು ಕೊಟ್ಟರೆ ಸಾಕು. ನಿಮಗೂ ಈ ಗತಿ ಬಂದಿದ್ದರೆ ಮೊದಲು ಅಲ್ಲಿಗೇ ಹೋಗಿ. ಆಧಾರ್ ಸರಿಯಾದ ಮೇಲೆ ಪಿಎಫ್‌ನಲ್ಲಿ ನಂಬರ್ ಬದಲಿಸುವುದು ಸುಲಭ. ಬ್ಯಾಂಕಿಗೆ ಒಂದು ಅರ್ಜಿ. ಇಮೇಲ್ ಮಾತ್ರ ಇವತ್ತಿಗೂ ವಾಪಸ್ ಬಂದಿಲ್ಲ. ಅದರಲ್ಲಿ ಅಮ್ಮನ ಫೋಟೋಗಳಿದ್ದವು.

ಈಗ ನಿಮ್ಮ ಪ್ರಶ್ನೆಗೆ. ಪಾಸ್‌ವರ್ಡ್ ಬಾಯಿಪಾಠ ಮಾಡುವ ವಸ್ತುವೇ ಅಲ್ಲ. ನೆನಪಿನ ಶಕ್ತಿ ಹೆಚ್ಚಿಸುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕುವ ಪದ್ಧತಿ ಶುರುವಾದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, ಫರ್ನಾಂಡೊ ಕೊರ್ಬಾಟೊ ಅವರ ತಂಡದಿಂದ. ಅವರೇ ಇಳಿವಯಸ್ಸಿನಲ್ಲಿ ತಮ್ಮ ಪಾಸ್‌ವರ್ಡ್‌ಗಳನ್ನು ಹಾಳೆಗಳಲ್ಲಿ ಇಳಿಸಿಟ್ಟುಕೊಂಡಿದ್ದರು. ಅವರಿಗಿಲ್ಲದ ನಾಚಿಕೆ ನಮಗ್ಯಾಕೆ?

ಇನ್ನು ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ, ಆಗಾಗ ಬದಲಿಸಿ ಅನ್ನುವ ಉಪದೇಶ. ಅಮೆರಿಕ ಸರ್ಕಾರದ, ತಂತ್ರಜ್ಞಾನದ ಮಾನದಂಡ ರೂಪಿಸುವ ಎನ್ಐಎಸ್‌ಟಿ ಸಂಸ್ಥೆಗಾಗಿ 2003ರಲ್ಲಿ ಅದನ್ನು ಬರೆದವರು ಬಿಲ್ ಬರ್. 2017ರಲ್ಲಿ ಅವರೇ ಅದಕ್ಕೆ ಪಶ್ಚಾತ್ತಾಪ ಪಟ್ಟರು. ಅದೇ ವರ್ಷ ಆ ಸಂಸ್ಥೆಯೂ ಸುಮ್ಮಸುಮ್ಮನೆ ಬದಲಿಸುವ ನಿಯಮ ಕೈಬಿಟ್ಟಿತು. ಉದ್ದ ಇದ್ದರೆ ಒಳ್ಳೆಯದು. ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ, ಒಂದು ಕಡೆಯದನ್ನು ಇನ್ನೊಂದು ಕಡೆ ಹಾಕಬೇಡಿ, ಅಷ್ಟೆ.

ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಬೀರುವಿನಲ್ಲಿ, ಮನೆಪತ್ರದ ಜೊತೆ. ಯಾವ ಖಾತೆ, ಲಾಗಿನ್ ಹೆಸರೇನು, ಓಟಿಪಿ ಯಾವ ನಂಬರಿಗೆ ಬರುತ್ತದೆ, ಯಾವ ಇಮೇಲ್ ಕೊಟ್ಟಿದೆ, ಆಮೇಲೆ ಪಾಸ್‌ವರ್ಡ್. ನನ್ನ ಪ್ರಕಾರ ಮೂರನೆಯ ಕಲಮೇ ಮುಖ್ಯ. ಪಾಸ್‌ವರ್ಡ್ ಕಲಂ ಖಾಲಿ ಬಿಟ್ಟರೂ ನಡೆಯುತ್ತದೆ. ಎಟಿಎಂ ಪಿನ್, ಯುಪಿಐ ಪಿನ್ ಅದರಲ್ಲಿ ಬರೆಯುವುದಿಲ್ಲ, ದಿನಾ ಒತ್ತುವ ಅಂಕಿ ಬೆರಳಿಗೇ ಗೊತ್ತಿರುತ್ತೆ. ಕಳ್ಳ ಬಂದರೆ ಅಂತ ಕೇಳುವವರಿದ್ದಾರೆ. ಬೀರು ಒಡೆದವನು ಬಳೆ ಬಿಟ್ಟು ನೋಟ್‌ಬುಕ್ ಒಯ್ಯುತ್ತಾನಾ? ಎಲ್ಲೋ ಕೂತು ಮೋಸ ಮಾಡುವವನ ಕೈ ಬೀರುವಿಗೆ ಎಟುಕುವುದಿಲ್ಲ. ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡ ಮೆಸೇಜು, ಗ್ಯಾಲರಿಯ ಸ್ಕ್ರೀನ್‌ಶಾಟು ಮಾತ್ರ ಇವತ್ತೇ ಅಳಿಸಿ. ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಬೀಗದಡಿ ಇಡುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಬಳಸಲು ಬರುತ್ತೆ ಅಂದರೆ ಬಳಸಿ, ಅದರ ಮುಖ್ಯ ಪಾಸ್‌ವರ್ಡ್ ಈ ನೋಟ್‌ಬುಕ್ಕಿನಲ್ಲಿರಲಿ.

ಒಂದು ಕೆಲಸ ಇವತ್ತೇ ಮಾಡಿ. ನಿಮ್ಮ ಇಮೇಲ್ ಫೋನಿನಲ್ಲಿ ತೆರೆದೇ ಇರುತ್ತದಲ್ಲ, ಅದರ ಸೆಟ್ಟಿಂಗ್ಸ್‌ಗೆ ಹೋಗಿ ರಿಕವರಿ ನಂಬರ್, ಅಂದರೆ ಪಾಸ್‌ವರ್ಡ್ ಮರೆತಾಗ ಓಟಿಪಿ ಬರುವ ನಂಬರ್, ಯಾವುದಿದೆ ನೋಡಿ. ಕೈಯಲ್ಲಿಲ್ಲದ ನಂಬರಾಗಿದ್ದರೆ ಕೂಡಲೇ ಬದಲಿಸಿ. ಪಾಸ್‌ವರ್ಡ್ ನೆನಪಿಲ್ಲದೆ ಒಮ್ಮೆ ಲಾಗೌಟ್ ಆದರೆ ಅದನ್ನು ಬದಲಿಸೋಕೆ ಒಳಗೇ ಬಿಡುವುದಿಲ್ಲ.