ಅಳಿಸಿದರೂ ಹೋಗದ ಫೈಲು

ಪ್ರಶ್ನೆ: ನಮ್ಮದು ಎಂಟು ಜನರ ಸಾಫ್ಟ್‌ವೇರ್ ತಂಡ. ಕೋಡೆಲ್ಲ ನಮ್ಮದೇ ಸರ್ವರ್‌ನ ಗಿಟ್ ರೆಪೊದಲ್ಲಿದೆ (ಕೋಡಿನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಸಂಗ್ರಹ). ಹೊಸದಾಗಿ ಸೇರಿದ ಹುಡುಗನೊಬ್ಬ 340 ಎಂಬಿಯ ಡೇಟಾಬೇಸ್ ಡಂಪನ್ನು (ಡೇಟಾಬೇಸಿನ ನಕಲು ಫೈಲು) ಕಮಿಟ್ ಮಾಡಿ, ಅಂದರೆ ಇತಿಹಾಸಕ್ಕೆ ದಾಖಲಿಸಿ, ಸರ್ವರ್‌ಗೆ ಪುಶ್ ಮಾಡಿಬಿಟ್ಟ. ಮರುದಿನವೇ ಅಳಿಸಿದೆವು. ಆದರೂ ಕ್ಲೋನ್ ಮಾಡಲು ತುಂಬ ಹೊತ್ತು ಹಿಡಿಯುತ್ತಿದೆ. ಇಂಥ ಫೈಲುಗಳು ಒಳಗೇ ಬರದಂತೆ ಮಾಡುವುದು ಹೇಗೆ?

ಉತ್ತರ: ಮೊದಲು, ಹುಡುಗನನ್ನು ಬೈಯಬೇಡಿ. ‘ಗಿಟ್ ಆಡ್ ಡಾಟ್’ ಹೊಡೆದು ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಒಟ್ಟಿಗೇ ತುರುಕುವ ಅಭ್ಯಾಸ ನನಗೂ ಇತ್ತು. ಒಮ್ಮೆ ಹಾಗೆಯೇ ಡೆಮೊ ವಿಡಿಯೊ ಒಂದನ್ನು ಸೇರಿಸಿ ಎಲ್ಲರಿಂದ ಬೈಸಿಕೊಂಡಿದ್ದೆ.

ನೀವು ಅಳಿಸಿದ್ದು ಈಗಿನ ಪ್ರತಿಯಿಂದ ಮಾತ್ರ. ಹಿಂದಿನ ಕಮಿಟ್‌ನಲ್ಲಿ ಡಂಪ್ ಹಾಗೇ ಕೂತಿದೆ. ಕ್ಲೋನ್ ಅಂದರೆ ಇಡೀ ಇತಿಹಾಸವನ್ನೇ ಇಳಿಸಿಕೊಳ್ಳುವುದು, ಅಲ್ವಾ? ಗಿಟ್‌ಹಬ್‌ನಲ್ಲಿ ಇದ್ದಿದ್ದರೆ 50 ಎಂಬಿ ದಾಟಿದಾಗ ಎಚ್ಚರಿಕೆ ಬರುತ್ತಿತ್ತು, 100 ದಾಟಿದರೆ ಪುಶ್ಶೇ ಆಗುತ್ತಿರಲಿಲ್ಲ. ಸ್ವಂತ ಸರ್ವರ್‌ನಲ್ಲಿ ಆ ಕಾವಲನ್ನು ನಾವೇ ಹಾಕಬೇಕು.

ಹಲವರು ಡೆವಲಪರ್‌ಗಳ ಲ್ಯಾಪ್‌ಟಾಪಿನಲ್ಲಿ ಪ್ರೀ-ಕಮಿಟ್ ಹುಕ್ (ಕಮಿಟ್‌ಗೆ ಮೊದಲು ತಾನಾಗಿ ಓಡುವ ಪುಟ್ಟ ಸ್ಕ್ರಿಪ್ಟ್) ಹಾಕಿ ಸುಮ್ಮನಾಗುತ್ತಾರೆ. ಅದೇ ಹೆಸರಿನ ಟೂಲ್ ಕೂಡ ಇದೆ. ಅದರ ‘ಚೆಕ್-ಆಡೆಡ್-ಲಾರ್ಜ್-ಫೈಲ್ಸ್’ ಪರೀಕ್ಷೆ 500 ಕೆಬಿಗಿಂತ ದೊಡ್ಡ ಹೊಸ ಫೈಲು ಕಂಡರೆ ಕಮಿಟನ್ನೇ ನಿಲ್ಲಿಸುತ್ತದೆ. ಈ ಮಿತಿಯನ್ನು ಬದಲಿಸಿಕೊಳ್ಳಬಹುದು. ಒಳ್ಳೆಯದೇ, ಹಾಕಿಸಿ. ಆದರೆ ಹುಕ್‌ಗಳು ಕ್ಲೋನ್ ಜೊತೆ ಬರುವುದಿಲ್ಲ, ಪ್ರತಿಯೊಬ್ಬರೂ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಅವಸರದಲ್ಲಿದ್ದವರು ‘ನೋ-ವೆರಿಫೈ’ ಸೇರಿಸಿ ದಾಟಿಹೋಗುತ್ತಾರೆ. ಹಾಗಾಗಿ ನಿಜವಾದ ಬೀಗ ಸರ್ವರ್‌ನಲ್ಲೇ ಇರಬೇಕು. ಅದರ ಹೆಸರು ಪ್ರೀ-ರಿಸೀವ್ ಹುಕ್. ಬಂದ ಪುಶ್ಶನ್ನು ಒಪ್ಪುವ ಮೊದಲು ಸರ್ವರ್ ಓಡಿಸುವ ಸ್ಕ್ರಿಪ್ಟ್ ಅದು.

ಇದನ್ನು ಬರೆಯುವಾಗ ಎಲ್ಲರೂ ಒಂದು ಕಡೆ ಎಡವುತ್ತಾರೆ. ಪುಶ್‌ನ ಕೊನೆಯ ಕಮಿಟ್‌ನಲ್ಲಿರುವ ಫೈಲುಗಳನ್ನಷ್ಟೇ ಅಳೆಯುತ್ತಾರೆ. ಮೊದಲ ಕಮಿಟ್‌ನಲ್ಲಿ ಡಂಪ್ ಸೇರಿಸಿ, ಎರಡನೆಯದರಲ್ಲಿ ಅಳಿಸಿ, ಎರಡನ್ನೂ ಒಟ್ಟಿಗೆ ಪುಶ್ ಮಾಡಿದರೆ ಆ ಹುಕ್‌ಗೆ ಏನೂ ಕಾಣುವುದಿಲ್ಲ. ಫೈಲು ಮಾತ್ರ ಒಳಗೆ! ಆದ್ದರಿಂದ ಸರ್ವರ್‌ನಲ್ಲಿ ಈವರೆಗೆ ಇಲ್ಲದ ಎಲ್ಲ ಆಬ್ಜೆಕ್ಟ್‌ಗಳನ್ನೂ (ಗಿಟ್ ಒಳಗೆ ಇಡುವ ಫೈಲು, ಕಮಿಟ್ ಮುಂತಾದ ತುಣುಕುಗಳು) ನೋಡಬೇಕು. ‘ಗಿಟ್ ರೆವ್-ಲಿಸ್ಟ್’ಗೆ ‘ಆಬ್ಜೆಕ್ಟ್ಸ್’ ಆಯ್ಕೆ, ಹೊಸ ಕಮಿಟ್‌ನ ಹ್ಯಾಶ್ (ಅದರ ಗುರುತಿನ ಸಂಖ್ಯೆ), ಕೊನೆಗೆ ‘ನಾಟ್’, ‘ಆಲ್’ ಕೊಟ್ಟರೆ ಆ ಪಟ್ಟಿ ಸಿಗುತ್ತದೆ. ಅದನ್ನು ‘ಗಿಟ್ ಕ್ಯಾಟ್-ಫೈಲ್’ನ ‘ಬ್ಯಾಚ್-ಚೆಕ್’ಗೆ ಕಳಿಸಿದರೆ ಪ್ರತಿಯೊಂದರ ಗಾತ್ರವೂ ಬರುತ್ತದೆ. ಬ್ರಾಂಚ್ (ಕೋಡಿನ ಒಂದು ಕವಲು) ಅಳಿಸುವ ಪುಶ್‌ನಲ್ಲಿ ಹೊಸ ಹ್ಯಾಶ್ ಬರೀ ಸೊನ್ನೆಗಳಾಗಿರುತ್ತದೆ, ಅದನ್ನು ಹಾಗೇ ಬಿಟ್ಟುಬಿಡಿ.

ಸರ್ವರ್‌ನಲ್ಲಿ ಗಿಟ್ 2.11 ಅಥವಾ ಅದಕ್ಕಿಂತ ಹೊಸದು ಇರಲಿ. ಆಗ ಬಂದ ಆಬ್ಜೆಕ್ಟ್‌ಗಳು ಹುಕ್ ಒಪ್ಪುವವರೆಗೆ ಬೇರೆ ಜಾಗದಲ್ಲಿ ಕಾಯುತ್ತವೆ, ತಿರಸ್ಕರಿಸಿದರೆ ಕಸವೂ ಉಳಿಯುವುದಿಲ್ಲ. ‘ರಿಸೀವ್ ಮ್ಯಾಕ್ಸ್-ಇನ್‌ಪುಟ್-ಸೈಜ್’ ಎಂಬ ಸುಲಭದ ಸೆಟ್ಟಿಂಗ್ ಕೂಡ ಇದೆ. ಆದರೆ ಅದು ಅಳೆಯುವುದು ಇಡೀ ಪುಶ್‌ನ ಸಂಕುಚಿತ ಗಾತ್ರವನ್ನು. ಟೆಕ್ಸ್ಟ್ ಡಂಪ್ ಚೆನ್ನಾಗಿ ಕುಗ್ಗಿ ನುಸುಳಿಬಿಡಬಹುದು.

ಮಿತಿ ಎಷ್ಟಿರಲಿ? ಬರೀ ಕೋಡ್ ಇಡುವ ರೆಪೊಗೆ 5 ಎಂಬಿ ಧಾರಾಳ ಅಂತ ನನ್ನ ಲೆಕ್ಕ. ತಡೆದಾಗ ಫೈಲಿನ ಹೆಸರು, ಗಾತ್ರ, ಮುಂದೇನು ಮಾಡಬೇಕು ಎಂಬುದನ್ನು ಕನ್ನಡದಲ್ಲೇ ಬರೆದು ತೋರಿಸಿ. ತಪ್ಪು ಕೊನೆಯ ಕಮಿಟ್‌ನಲ್ಲೇ ಇದ್ದರೆ ‘ಗಿಟ್ ಆರ್‌ಎಂ ಕ್ಯಾಶ್ಡ್’ನಿಂದ ಫೈಲನ್ನು ಹೊರಗೆ ತೆಗೆದು, ಅದೇ ಕಮಿಟನ್ನು ‘ಅಮೆಂಡ್’ ಮಾಡಿ ತಿದ್ದಿದರೆ ಸಾಕು. ಇನ್ನೊಂದು ಕಮಿಟ್ ಮಾಡಿ ಅಳಿಸಿದರೆ ಹುಕ್ ಮತ್ತೆ ತಡೆಯುತ್ತದೆ. ದೊಡ್ಡ ಚಿತ್ರ, ವಿಡಿಯೊ ನಿಜವಾಗಿಯೂ ಬೇಕೇ ಬೇಕೆಂದರೆ ಗಿಟ್ ಎಲ್‌ಎಫ್‌ಎಸ್ ಇದೆ. ರೆಪೊದಲ್ಲಿ ಒಂದು ಪುಟ್ಟ ಗುರುತಿನ ಫೈಲು ಮಾತ್ರ ಉಳಿಯುತ್ತದೆ, ಅಸಲಿ ಫೈಲು ಬೇರೆ ಕಡೆ. ಡೇಟಾಬೇಸ್ ಡಂಪ್‌ಗೆ ಅಲ್ಲೂ ಜಾಗ ಕೊಡಬೇಡಿ. ಅಂದಹಾಗೆ, ಆ ಡಂಪ್‌ನಲ್ಲಿ ಗ್ರಾಹಕರ ಮಾಹಿತಿ, ಪಾಸ್‌ವರ್ಡ್ ಏನಾದರೂ ಇತ್ತಾ? ಇದ್ದರೆ ಗಾತ್ರಕ್ಕಿಂತ ಅದೇ ದೊಡ್ಡ ತಲೆನೋವು.

ಈಗಾಗಲೇ ಒಳಗಿರುವುದನ್ನು ಇತಿಹಾಸವನ್ನೇ ತಿದ್ದಿ ಬರೆಯುವ ‘ಗಿಟ್ ಫಿಲ್ಟರ್-ರೆಪೊ’ ಟೂಲಿನಿಂದ ತೆಗೆಯಬಹುದು. ಆದರೆ ಡಂಪ್ ಸೇರಿದ ಕಮಿಟ್‌ನಿಂದ ಮುಂದಿನ ಹ್ಯಾಶ್‌ಗಳೆಲ್ಲ ಬದಲಾಗುತ್ತವೆ. ಎಂಟೂ ಜನ ಹಳೆಯ ಪ್ರತಿ ಬಿಸಾಕಿ ಹೊಸದಾಗಿ ಕ್ಲೋನ್ ಮಾಡಬೇಕು. ಬೀಗ ಮೊದಲು, ಶುಚಿ ಆಮೇಲೆ. ಏಕೆಂದರೆ ಎಂಟರಲ್ಲಿ ಒಬ್ಬರಾದರೂ ಮರೆತು ಹಳೆಯ ಪ್ರತಿಯಿಂದಲೇ ಪುಶ್ ಮಾಡುತ್ತಾರೆ. ಆಗ ಆ 340 ಎಂಬಿ ಹಿಂದಿನ ಬಾಗಿಲಿನಿಂದ ಮತ್ತೆ ಬರಲು ನೋಡುತ್ತದೆ. ಹುಕ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.