ಜಾಸ್ತಿ ಅಂದ್ರೆ ಎಷ್ಟು?

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ ಆರು ಸೀಮೆಹಸು ಇವೆ. ಸಾಲ ಮಾಡಿ ಇನ್ನೂ ಮೂರು ತರೋಣ ಅಂತಿದ್ದೇವೆ, ಸಂತೆಯಲ್ಲಿ ಈಗ ರೇಟು ಕಡಿಮೆ ಇದೆ. ಆದರೆ ಎರಡು ಊರಾಚೆ ಕಾಲುಬಾಯಿ ಜ್ವರ ಬಂದಿದೆಯಂತೆ. ಡಾಕ್ಟರನ್ನು ಕೇಳಿದರೆ ‘ರಿಸ್ಕ್ ಜಾಸ್ತಿ’ ಅಂದರು. ಜಾಸ್ತಿ ಅಂದ್ರೆ ಎಷ್ಟು ಸಾರ್?
- ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ನೀವು ‘ಎಷ್ಟು’ ಅಂತ ಕೇಳಿದ್ದು ನನಗೆ ತುಂಬಾ ಖುಷಿಯಾಯಿತು. ಟೊಮ್ಯಾಟೊ ನಾಟಿಗೆ ಮುಂಚೆ, ರೇಟು ಬಿದ್ದರೆ ಕೈಯಿಂದ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕುತ್ತೀರಿ ಅಲ್ವಾ? ದನದ ರೋಗಕ್ಕೂ ಹಾಗೇ ಲೆಕ್ಕ ಹಾಕಬಹುದು.

ಸಂತೆಗೆ ಬಂದ 100 ದನದಲ್ಲಿ 2ಕ್ಕೆ ರೋಗ ತಗುಲಿದೆ ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ ಅಷ್ಟೇ, ನಿಮ್ಮ ಡಾಕ್ಟರ್ ಹತ್ತಿರ ಕೂತು ನಿಮ್ಮ ಕಡೆಯ ಅಂಕಿ ಹಾಕಿ. ಒಂದು ಹಸು ಚೆನ್ನಾಗಿರುವ ಸಾಧ್ಯತೆ 100ಕ್ಕೆ 98. ಮೂರೂ ಚೆನ್ನಾಗಿರಬೇಕಾದರೆ 0.98 ಅನ್ನು ಮೂರು ಸಲ ಗುಣಿಸಬೇಕು, 0.94 ಬರುತ್ತದೆ. ಅಂದರೆ ಮೂರರಲ್ಲಿ ಒಂದಾದರೂ ರೋಗ ಹೊತ್ತು ಬರುವ ಸಾಧ್ಯತೆ 100ಕ್ಕೆ ಸುಮಾರು 6. ಹತ್ತು ಹಸು ತಂದರೆ ಅದೇ 18 ಆಗುತ್ತದೆ.

ಆದರೆ ಈ ಗುಣಾಕಾರ ಮೂರು ಹಸು ಮೂರು ಬೇರೆ ಬೇರೆ ಮನೆಯದ್ದಾದರೆ ಮಾತ್ರ ಸರಿ. ಮೂರನ್ನೂ ಒಂದೇ ಮನೆಯಿಂದ ತಂದರೆ ರೋಗ ಬಂದರೆ ಮೂರಕ್ಕೂ ಬಂದಿರುತ್ತದೆ, ಇಲ್ಲದಿದ್ದರೆ ಒಂದಕ್ಕೂ ಇಲ್ಲ, ಹಾಗಾಗಿ 6 ಇಳಿದು 2ರ ಹತ್ತಿರ ಬರುತ್ತದೆ. ಜೊತೆಗೆ ಆ ಕೊಟ್ಟಿಗೆಯೊಳಗೇ ಹೋಗಿ ಉಳಿದ ದನಗಳ ಬಾಯಿ, ಗೊರಸಿನ ಸಂದು ನೋಡಿ ಬರಬಹುದು. ಸಂತೆಯಲ್ಲಿ ಅದಾಗುವುದಿಲ್ಲ. ಬೆಳಿಗ್ಗೆ ಚೆನ್ನಾಗಿ ಬಂದ ಹಸುವೂ ಪಕ್ಕದ ಹಗ್ಗದ ಹಸುವಿನಿಂದ ಅಂಟಿಸಿಕೊಂಡು ಹೋಗಬಹುದು. ಹಾಗಾಗಿ ರೇಟು ಸ್ವಲ್ಪ ಜಾಸ್ತಿಯಾದರೂ ಮನೆಯಿಂದಲೇ ಕೊಳ್ಳಿ ಅಂತೀನಿ.

ಮುಂದಿನ ಲೆಕ್ಕ ನಿಮ್ಮ ಕೊಟ್ಟಿಗೆಯದು. ರೋಗ ಇರುವ ಹಸುವನ್ನು ನೇರವಾಗಿ ಒಳಗೆ ಕಟ್ಟಿದರೆ ಹತ್ತರಲ್ಲಿ ಒಂಬತ್ತು ಸಲ ಉಳಿದವಕ್ಕೆ ಹರಡುತ್ತದೆ ಅಂತ ಹಿಡಿಯಿರಿ. ನೋಡಲು ಹಸು ಚೆನ್ನಾಗಿಯೇ ಇರುತ್ತದೆ, ಮೇವು ತಿನ್ನುತ್ತದೆ, ಆದರೆ ಬಾಯಲ್ಲಿ ಹುಣ್ಣು ಏಳುವ ಮುಂಚೆಯೇ ಹಾಲಿನಲ್ಲಿ, ಉಸಿರಿನಲ್ಲಿ ವೈರಸ್ ಬರುತ್ತಿರುತ್ತದೆ. ರೋಗ ಸಾಮಾನ್ಯವಾಗಿ 2ರಿಂದ 14 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಹೊಸ ಹಸುವನ್ನು 21 ದಿನ ದೂರ ಕಟ್ಟಿ ಅನ್ನುವುದು. ಬೇರೆ ಬಕೆಟ್, ಬೇರೆ ಹಗ್ಗ, ಹಾಲು ಕರೆಯುವುದು ಕೊನೆಗೆ. ಒಂದು ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಹಾಕಿ ಕಾಲು ಅದ್ದಿ ಬನ್ನಿ. ಹೀಗೆ ಮಾಡಿದರೆ ಹತ್ತರಲ್ಲಿ ಒಂದು ಸಲ ಮಾತ್ರ ದಾಟುತ್ತದೆ ಅಂದುಕೊಳ್ಳೋಣ. ನಿಮ್ಮಂಥ 1,000 ಜನ ಬೇರೆ ಬೇರೆ ಮನೆಯಿಂದ ಮೂರು ಮೂರು ಹಸು ತಂದು ನೇರ ಒಳಗೆ ಕಟ್ಟಿದರೆ 53 ಮನೆಗೆ ರೋಗ, ದೂರ ಕಟ್ಟಿದರೆ 6 ಮನೆಗೆ.

ಆರು ಹಸು, ದಿನಕ್ಕೆ 60 ಲೀಟರ್ ಹಾಲು. ಒಂದು ತಿಂಗಳು ಅರ್ಧಕ್ಕೆ ಇಳಿದರೆ 900 ಲೀಟರ್ ಹೋಯಿತು. ಲೀಟರಿಗೆ 35 ರೂಪಾಯಿ ಅಂದರೂ 31,500. ಔಷಧಿ, ಸತ್ತ ಕರು ಸೇರಿಸಿ ಒಟ್ಟು 50,000 ಅನ್ನಿ. ದೊಡ್ಡ ಹಸು ಸಾಯುವುದು ಕಡಿಮೆ, ಎಳೇ ಕರು ಹೃದಯಕ್ಕೆ ಏಟು ಬಿದ್ದು ನಿಂತಲ್ಲೇ ಸಾಯುತ್ತದೆ. ನೇರ ಒಳಗೆ ಕಟ್ಟುವವರಿಗೆ ಸರಾಸರಿ ನಷ್ಟ 2,650 ರೂಪಾಯಿ, ದೂರ ಕಟ್ಟುವವರಿಗೆ 300. ತೆಂಗಿನ ಗರಿ ಹೊದಿಸಿದ ಒಂದು ಚಪ್ಪರಕ್ಕೆ 1,500 ಖರ್ಚಾದರೂ ಲಾಭವೇ. ಆದರೆ ಈ ಸರಾಸರಿ ನಷ್ಟ ಯಾರ ಮನೆಗೂ ಬರುವುದಿಲ್ಲ, ನೆನಪಿರಲಿ. ಬಂದರೆ ಪೂರ್ತಿ 50,000, ಇಲ್ಲದಿದ್ದರೆ ಸೊನ್ನೆ. ಸಾಲದ ಕಂತು ಕಟ್ಟುತ್ತಾ ಆ 50,000 ತಡೆದುಕೊಳ್ಳಬಲ್ಲಿರಾ? ಇದನ್ನು ಮನೆಯವರ ಜೊತೆ ಕೂತು ಯೋಚಿಸಿ. ನನ್ನನ್ನು ಕೇಳಿದರೆ, ಎರಡು ಊರಾಚೆ ರೋಗ ಇರುವಾಗ ನಾನಂತೂ ತರುವುದಿಲ್ಲ. 2013ರಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಕಾಲುಬಾಯಿ ಹಬ್ಬಿದ್ದು ಹಳಬರಿಗೆ ಮರೆತಿಲ್ಲ. ಬಾಯಿಂದ ನೂಲಿನ ಹಾಗೆ ಜೊಲ್ಲು, ಚಪ್ ಚಪ್ ಸದ್ದು, ನಾಲಿಗೆ ಮುಟ್ಟಿದರೆ ಸಿಪ್ಪೆ ಕೈಗೇ ಬರುವುದು. ಒಮ್ಮೆ ನೋಡಿದರೆ ಸಾಕು.

ಪ್ರಶ್ನೆ: ಕಾಲುಬಾಯಿ ಲಸಿಕೆ ಹಾಕಿಸಿದ ಊರಿಗೂ ರೋಗ ಬರುತ್ತದೆ. ಹಾಲು ಬೇರೆ ಕಡಿಮೆಯಾಗುತ್ತದೆ. ಸುಮ್ನೆ ಯಾಕೆ ಹಾಕಿಸಬೇಕು?
- ಓದುಗರು, ಬಂಗಾರಪೇಟೆ

ಉತ್ತರ: ಹಾಲು ಇಳಿಯುವುದು ಎರಡು ಮೂರು ದಿನ ಮಾತ್ರ, ಆಮೇಲೆ ಸರಿಹೋಗುತ್ತದೆ. ಊರಿನ ಲೆಕ್ಕ ನೋಡಿ. ರೋಗ ಬಂದ ಒಂದು ಹಸು ಐದಕ್ಕೆ ಹರಡುತ್ತದೆ ಅಂದರೆ, ಅದನ್ನು ನಿಲ್ಲಿಸಲು ಐದರಲ್ಲಿ ನಾಲ್ಕಕ್ಕೆ ರೋಗ ತಡೆಯುವ ಶಕ್ತಿ ಬಂದಿರಬೇಕು. ಲಸಿಕೆ 100ರಲ್ಲಿ 85ಕ್ಕೆ ಹಿಡಿಯುತ್ತದೆ ಅಂದರೆ 94ಕ್ಕೆ ಹಾಕಿಸಿದರೇನೇ ಆ ಮಟ್ಟ ಸಿಗುವುದು. 200 ದನ ಇರುವ ಊರಿನಲ್ಲಿ 12ಕ್ಕಿಂತ ಜಾಸ್ತಿ ತಪ್ಪಿಸಿಕೊಂಡರೆ ಆ ಬೇಲಿಯಲ್ಲಿ ಕಂಡಿ ಬಿದ್ದಂತೆ. ಲಸಿಕೆ ಹಾಕುವವರು ಬಂದಾಗ ಹಸುವನ್ನು ತೋಟಕ್ಕೆ ಹೊಡೆದುಬಿಡುವ ಮನೆ ಎಷ್ಟಿವೆ ನಿಮ್ಮ ಊರಲ್ಲಿ? ಎಣಿಸಿ ನೋಡಿ. ಕಾಲುಬಾಯಿ ಲಸಿಕೆ 6 ತಿಂಗಳಿಗೊಮ್ಮೆ ಆಗಲೇಬೇಕು. ಕರುವಿಗೆ 4 ತಿಂಗಳಿಗೆ ಮೊದಲನೆಯದು, ಒಂದು ತಿಂಗಳ ನಂತರ ಬೂಸ್ಟರ್. ಬೂಸ್ಟರ್ ತಪ್ಪಿಸಿದ ಕರುವನ್ನು ಆ 94ರಲ್ಲಿ ಸೇರಿಸಬೇಡಿ.

ಪ್ರಶ್ನೆ: ನಮ್ಮ ಹಸು ಏಳು ತಿಂಗಳಿಗೆ ಕಂದು ಹಾಕಿತು, ಕಸವೂ (ಮಾಸು) ಬೀಳಲಿಲ್ಲ. ಮನೆಯವರಿಗೆ ತೊಂದರೆ ಇದೆಯಾ?
- ಓದುಗರು, ಶ್ರೀನಿವಾಸಪುರ

ಉತ್ತರ: ಇರಬಹುದು. ಬ್ರೂಸೆಲ್ಲಾ, ಅಂದರೆ ಹಸು ಕಂದು ಹಾಕುವಂತೆ ಮಾಡುವ, ಮನುಷ್ಯರಿಗೂ ಅಂಟುವ ರೋಗ, ಅಂತ ಅನುಮಾನಿಸಿಯೇ ನಡೆದುಕೊಳ್ಳಿ. ಕಸವನ್ನು ಬರಿಗೈಯಲ್ಲಿ ಎಳೆಯಬೇಡಿ, ಡಾಕ್ಟರನ್ನು ಕರೆಸಿ. ಬಿದ್ದದ್ದನ್ನು ನಾಯಿಗೆ ಸಿಗದ ಹಾಗೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಆ ಕೊಟ್ಟಿಗೆ ಕೆಲಸ ಅವರಿಗೆ ಬೇಡವೇ ಬೇಡ. ಹಾಲು ಚೆನ್ನಾಗಿ ಉಕ್ಕಿಸಿಯೇ ಕುಡಿಯಿರಿ. ಹಸುವಿನ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಜ್ವರ, ಕೀಲು ನೋವು ಬಂದರೆ ಹಸು ಕಂದು ಹಾಕಿದ ವಿಷಯವನ್ನು ಆಸ್ಪತ್ರೆಯಲ್ಲಿ ಮೊದಲು ಹೇಳಿ. 4ರಿಂದ 8 ತಿಂಗಳ ಹೆಣ್ಣು ಕರು ಇದ್ದರೆ ಅದಕ್ಕೆ ಬ್ರೂಸೆಲ್ಲಾ ಲಸಿಕೆ ಹಾಕಿಸಿ, ಜೀವನದಲ್ಲಿ ಒಂದೇ ಸಲ ಹಾಕಿಸುವಂಥದ್ದು.